ತರಗತಿಯಲ್ಲಿ ಯಂತ್ರಸಾಧನಗಳು ಮತ್ತು ಉಪಾಧ್ಯಾಯರ ಸಹಕಾರ

ಪಾಠಶಾಲೆಗೆ ಯಂತ್ರಸಾಧನಗಳು ಪ್ರವೇಶಿಸಿ ಒಂದು ಶತಮಾನಕ್ಕೂ ಮಿಗಿಲಾಗಿದೆ. ಚಲನಚಿತ್ರ, ಆಕಾಶವಾಣಿ, ದೂರದರ್ಶನ, ಗಣಕಯಂತ್ರ, ಅಂತರ್ಜಾಲ ಎಂದು ಒಂದರ ಹಿಂದೆ ಒಂದು ಬಂದವು. ಪ್ರತಿಯೊಂದು ಬಂದಾಗಲೂ ಬೋಧನೆಯ ರೀತಿಯೇ ಇನ್ನು ಬದಲಾಗುವುದೆಂಬ ಭರವಸೆ ಹುಟ್ಟಿತು. ಚಲನಚಿತ್ರದ ದೆಸೆಯಿಂದ ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಅನಾವಶ್ಯಕವಾಗುವುವೆಂದೂ, ಹತ್ತು ವರ್ಷಗಳೊಳಗೆ ಶಾಲಾವ್ಯವಸ್ಥೆ ಪೂರ್ಣವಾಗಿ ಮಾರ್ಪಡುವುದೆಂದೂ ಅಮೆರಿಕದ ಥಾಮಸ್ ಎಡಿಸನ್ನರು ೧೯೧೩ರಲ್ಲಿ ನುಡಿದಿದ್ದರು. ಆ ಭವಿಷ್ಯ ನಿಜವಾಗಲಿಲ್ಲ. ಯಂತ್ರವನ್ನು ಶಾಲೆಗೆ ತರುವುದು ಒಂದು ಕೆಲಸ. ಅದನ್ನು ಪಾಠದ ಅಂಗವನ್ನಾಗಿ ಮಾಡುವುದು ಮತ್ತೊಂದು ಕೆಲಸ. ಮೊದಲನೆಯದನ್ನು ಸರ್ಕಾರವು ಹಣ ವೆಚ್ಚಮಾಡಿ ಸಾಧಿಸಬಹುದು. ಎರಡನೆಯದು ಯಾರಿಂದ, ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ನಮ್ಮ ದೇಶದ, ಅದರಲ್ಲಿಯೂ ಕರ್ನಾಟಕದ, ಕೆಲವು ಪ್ರಯತ್ನಗಳನ್ನು ಆಧರಿಸಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಉಪಗ್ರಹ ದೂರದರ್ಶನದ ಪ್ರಯೋಗವನ್ನು ನೋಡೋಣ. ‘ಸೈಟ್’ ಎಂದು ಹೆಸರಾದ ಈ ಪ್ರಯೋಗ ೧೯೭೫ನೆಯ ಆಗಸ್ಟ್ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ ನಡೆಯಿತು. ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಇದಕ್ಕೆ ಸೇರಿದ್ದವು. ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಮೀಸಲು. ಅದು ಹಿಂದಿ, ಕನ್ನಡ, ತೆಲುಗು, ಒರಿಯಾ ಎಂಬ ನಾಲ್ಕು ಭಾಷೆಗಳಲ್ಲಿ ಹಂಚಿಹೋಗಿ, ಕನ್ನಡದ ಪಾಲಿಗೆ ೨೨½ ನಿಮಿಷ ಬರುತ್ತಿತ್ತು. ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದ ಕೇಂದ್ರ ಹೈದರಾಬಾದಿನಲ್ಲಿತ್ತು.

ವಿಜ್ಞಾನದ ದೃಷ್ಟಿಯಿಂದ ಇದೊಂದು ಮಹತ್ತಾದ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗ್ರಾಮದ ಉಪಾಧ್ಯಾಯನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಐದು ವರ್ಷದ ಮಗುವಿಗೂ ಹನ್ನೆರಡು ವರ್ಷದ ಹುಡುಗನಿಗೂ ಒಂದೇ ಕಾರ್ಯಕ್ರಮ. ನಡುವೆ ನಿಲ್ಲಿಸಿ ವಿವರಿಸುವಂತಿಲ್ಲ. ಅರ್ಥವಾಗದ ಭಾಗವನ್ನು ಮತ್ತೊಮ್ಮೆ ತೋರಿಸುವಂತಿಲ್ಲ. ಪಾಠದ ವಸ್ತುವನ್ನೂ ವೇಗವನ್ನೂ ದೂರದಲ್ಲಿರುವವರು ನಿಶ್ಚಯಿಸುತ್ತಿದ್ದರು. ಅದೇ ಪ್ರಯೋಗದ ಮತ್ತೊಂದು ಭಾಗ ಇದಕ್ಕಿಂತ ಭಿನ್ನವಾಗಿತ್ತು. ಪ್ರಾಥಮಿಕ ಶಾಲೆಗಳ ಸಹಸ್ರಾರು ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ತರಬೇತಿಯನ್ನು ಕೊಟ್ಟಾಗ ದೂರದರ್ಶನದೊಡನೆ ಆಕಾಶವಾಣಿ, ಮುದ್ರಿತ ಸಾಮಗ್ರಿ, ಕೈಯಾರೆ ಮಾಡುವ ಪ್ರಯೋಗಗಳು, ಗುಂಪುಚರ್ಚೆ ಇವೆಲ್ಲವನ್ನೂ ಕೂಡಿಸಲಾಗಿತ್ತು. ಇಲ್ಲಿ ಯಂತ್ರವು ಚರ್ಚೆಗೆ ಆರಂಭವನ್ನು ಒದಗಿಸಿತು. ಉಳಿದುದನ್ನು ಉಪಾಧ್ಯಾಯರು ಪರಸ್ಪರ ಮಾತಿನಿಂದ ತುಂಬಿಕೊಳ್ಳಬೇಕಾಗಿತ್ತು.

ಗಣಕಯಂತ್ರದ ಕಥೆಯೂ ಮೊದಮೊದಲು ಇದೇ ಜಾಡಿನಲ್ಲಿ ಸಾಗಿತು. ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ ೧೯೮೪-೮೫ರಲ್ಲಿ ಬ್ರಿಟನ್ನಿನ ‘ಬಿ.ಬಿ.ಸಿ. ಮೈಕ್ರೊ’ ಗಣಕಗಳೊಡನೆ ಆರಂಭವಾಯಿತು. ೨೦೦೪ರಲ್ಲಿ ‘ಐ.ಸಿ.ಟಿ. ಅಟ್ ಸ್ಕೂಲ್ಸ್’ ಯೋಜನೆ ಬಂದ ಮೇಲೆ ಪ್ರೌಢಶಾಲೆಗಳಲ್ಲಿ ಗಣಕ ಕೊಠಡಿಗಳು ಹೆಚ್ಚಿದವು. ಅನೇಕ ಕಡೆ ಯಂತ್ರಗಳನ್ನು ಒದಗಿಸಿದ ಖಾಸಗಿ ಸಂಸ್ಥೆಯೇ ಗಣಕಬೋಧಕರನ್ನೂ ನೇಮಿಸುತ್ತಿತ್ತು. ಇದರ ಪರಿಣಾಮವಾಗಿ ಗಣಕವು ಒಂದು ಪ್ರತ್ಯೇಕ ವಿಷಯವಾಗಿ, ಪ್ರತ್ಯೇಕ ಕೊಠಡಿಯಲ್ಲಿ ಉಳಿಯಿತು. ಗಣಿತದ ಉಪಾಧ್ಯಾಯರಿಗೂ ಚರಿತ್ರೆಯ ಉಪಾಧ್ಯಾಯರಿಗೂ ಅದರೊಡನೆ ಸಂಬಂಧ ಬೆಳೆಯಲಿಲ್ಲ. ಗುತ್ತಿಗೆಯ ಅವಧಿ ಮುಗಿದಾಗ ಬೋಧಕರು ಹೊರಟುಹೋಗುವರು. ಬಾಗಿಲಿಗೆ ಬೀಗ ಬೀಳುವುದು.

ಇದು ನಮ್ಮ ದೇಶಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ದಕ್ಷಿಣ ಅಮೆರಿಕದ ಪೆರು ದೇಶವು ಮಗುವಿಗೊಂದು ಗಣಕವೆಂಬ ಯೋಜನೆಯಲ್ಲಿ ಲಕ್ಷಾಂತರ ಯಂತ್ರಗಳನ್ನು ಹಂಚಿತು. ಅಲ್ಲಿನ ೩೧೯ ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತ ಮತ್ತು ಭಾಷೆಯ ಕಲಿಕೆ ಅದರಿಂದ ಉತ್ತಮಗೊಂಡಿತೆಂಬುದಕ್ಕೆ ಪ್ರಮಾಣ ದೊರೆಯಲಿಲ್ಲ.

ಹೀಗಿರುವಲ್ಲಿ, ಭಿನ್ನವಾದ ಮಾರ್ಗವನ್ನು ಹಿಡಿದ ಎರಡು ಪ್ರಯತ್ನಗಳು ಗಮನಕ್ಕೆ ಅರ್ಹವಾಗಿವೆ. ಕೇರಳದಲ್ಲಿ ೨೦೦೧ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ತರಬೇತಿ ಕೊಡುವವರನ್ನು ಶಾಲಾ ಉಪಾಧ್ಯಾಯರಲ್ಲಿಯೇ ಆರಿಸಿಕೊಂಡಿತು. ಕರ್ನಾಟಕದಲ್ಲಿ ೨೦೧೧ರಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮ ಮೊದಲಾಯಿತು. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಮತ್ತು ಸಮಾಜವಿಜ್ಞಾನದ ಉಪಾಧ್ಯಾಯರು ಇದರಲ್ಲಿ ಒಟ್ಟುಗೂಡಿ, ತಮ್ಮ ವಿಷಯಕ್ಕೆ ಬೇಕಾದ ಮುಕ್ತ ತಂತ್ರಾಂಶಗಳನ್ನು ಕಲಿತು, ಊರಿಗೆ ಹಿಂತಿರುಗಿದ ಮೇಲೂ ಮಿಂಚಂಚೆಯ ಮೂಲಕ ಪ್ರಶ್ನೋತ್ತರಗಳನ್ನು ಮುಂದುವರಿಸಿದರು. ಅವರು ರಚಿಸಿದ ಸಾಮಗ್ರಿಯನ್ನು ಸಂಗ್ರಹಿಸಲು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ ಸಿದ್ಧವಾಯಿತು. ಅಲ್ಲಿರುವ ಪಾಠವನ್ನು ಮತ್ತೊಬ್ಬ ಉಪಾಧ್ಯಾಯ ತೆಗೆದುಕೊಳ್ಳಬಹುದು, ತಿದ್ದಬಹುದು, ತನ್ನ ಮಕ್ಕಳಿಗೆ ಒಪ್ಪುವಂತೆ ಮಾರ್ಪಡಿಸಬಹುದು. ಸೈಟ್ ಪ್ರಯೋಗದಲ್ಲಿ ಗ್ರಾಮದ ಉಪಾಧ್ಯಾಯನಿಗೆ ಇಲ್ಲದಿದ್ದುದು ಈ ಅಧಿಕಾರವೇ.

ಸಹಕಾರ ಏಕೆ ಅವಶ್ಯಕವೆಂಬುದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಬೇಕಾದ ಜ್ಞಾನ ಒಬ್ಬನಲ್ಲಿಯೇ ಸಾಮಾನ್ಯವಾಗಿ ಇರುವುದಿಲ್ಲ. ವಿಷಯದ ಜ್ಞಾನ, ಬೋಧನಕ್ರಮದ ಜ್ಞಾನ, ಯಂತ್ರದ ಜ್ಞಾನ ಈ ಮೂರೂ ಕೂಡಿದಾಗ ಮಾತ್ರ ಇಂತಹ ಬೋಧನೆ ಫಲಿಸುತ್ತದೆಂದು ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ ಎಂಬ ವಿದ್ವಾಂಸರು ೨೦೦೬ರಲ್ಲಿ ಪ್ರತಿಪಾದಿಸಿದರು. ಹಿರಿಯ ಉಪಾಧ್ಯಾಯರಿಗೆ ಮಕ್ಕಳು ಎಲ್ಲಿ ಎಡವುತ್ತಾರೆಂಬುದು ಗೊತ್ತು. ಕಿರಿಯರಿಗೆ ಯಂತ್ರದ ಬಳಕೆ ಸುಲಭ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತಾಗ ಆ ಕೊರತೆ ತುಂಬುತ್ತದೆ. ಎರಡನೆಯದು ಕಾಲ. ಒಂದು ಒಳ್ಳೆಯ ಪಾಠವನ್ನು ಸಿದ್ಧಪಡಿಸಲು ಹಲವು ದಿನಗಳು ಬೇಕು. ಐವರು ಹಂಚಿಕೊಂಡರೆ ಹೊರೆ ಹಗುರವಾಗುತ್ತದೆ. ಮೂರನೆಯದು ತಪ್ಪುಗಳ ಶೋಧನೆ. ಅಂತರ್ಜಾಲದಲ್ಲಿ ದೊರೆಯುವುದೆಲ್ಲ ಸತ್ಯವಲ್ಲ. ಕನ್ನಡದಲ್ಲಿ ದೊರೆಯುವುದಂತೂ ಸ್ವಲ್ಪ. ಸಹೋದ್ಯೋಗಿಯ ಕಣ್ಣಿಗೆ ಬಿದ್ದ ಪಾಠವು ವಿದ್ಯಾರ್ಥಿಯ ಕೈಸೇರುವ ಮೊದಲು ಒಮ್ಮೆಯಾದರೂ ಶುದ್ಧವಾಗುತ್ತದೆ.

ಚರಿತ್ರೆಯ ಒಂದು ಪಾಠವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹೊಯ್ಸಳ ವೀರಬಲ್ಲಾಳನಿಗೆ ಒಬ್ಬ ಮುದುಕಿ ಬೆಂದ ಕಾಳು ಕೊಟ್ಟಳೆಂದೂ, ಆದುದರಿಂದ ‘ಬೆಂದಕಾಳೂರು’ ಬೆಂಗಳೂರಾಯಿತೆಂದೂ ಹೇಳುವ ಕಥೆ ಎಲ್ಲರಿಗೂ ತಿಳಿದಿದೆ. ವೀರಬಲ್ಲಾಳನು ಪಟ್ಟಕ್ಕೆ ಬಂದುದು ಕ್ರಿ. ಶ. ೧೧೭೩ರಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ, ಸುಮಾರು ೮೯೦ರ, ವೀರಗಲ್ಲಿನ ಶಾಸನದಲ್ಲಿ ಬೆಂಗಳೂರು ಕಾಳೆಗದ ಪ್ರಸ್ತಾಪವಿದೆ. ಈ ಪಾಠಕ್ಕೆ ಒಬ್ಬ ಉಪಾಧ್ಯಾಯ ಕಲ್ಲಿನ ಸ್ಪಷ್ಟವಾದ ಭಾವಚಿತ್ರಗಳನ್ನು ತರಲಿ. ಹಳಗನ್ನಡ ಬಲ್ಲ ಕನ್ನಡ ಅಧ್ಯಾಪಕರು ಶಾಸನದ ಪಾಠವನ್ನೂ ಅರ್ಥವನ್ನೂ ಜೋಡಿಸಲಿ. ಮೂರನೆಯವರು ಬೇಗೂರು ಮತ್ತು ಬೆಂಗಳೂರುಗಳನ್ನು ಗಣಕದ ಭೂಪಟದಲ್ಲಿ ಗುರುತಿಸಿ, ಕಾಲಪಟ್ಟಿಯೊಂದನ್ನು ರಚಿಸಲಿ. ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕಥೆ ಹಿಂದಿನದೋ, ಶಾಸನ ಹಿಂದಿನದೋ? ವಿದ್ಯಾರ್ಥಿಗಳು ತಾವೇ ಕಾಲವನ್ನು ಹೋಲಿಸಿ, ಊರಿನ ಹೆಸರು ಕಥೆಯ ರಾಜನಿಗಿಂತ ಸುಮಾರು ಮುನ್ನೂರು ವರ್ಷ ಹಳೆಯದೆಂದು ಕಂಡುಕೊಳ್ಳುತ್ತಾರೆ. ಇತರ ತಾಲ್ಲೂಕುಗಳ ಉಪಾಧ್ಯಾಯರು ಇದೇ ಚೌಕಟ್ಟಿನಲ್ಲಿ ತಮ್ಮೂರಿನ ಕಲ್ಲನ್ನು ಇಟ್ಟುಕೊಳ್ಳಬಹುದು. ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ಪ್ರಕಟಣೆಯನ್ನು ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರಾಗಿ ಇರುವುದರಿಂದ, ಹಳೆಯ ಮೈಸೂರು ಸೀಮೆಯವರಿಗೆ ಈ ಕೆಲಸ ಕಷ್ಟವಾದುದಲ್ಲ.

ಈ ಮಾರ್ಗದಲ್ಲಿ ತೊಡಕುಗಳೂ ಉಂಟು. ಹೆಚ್ಚಿನ ಪ್ರೌಢಶಾಲೆಗಳಲ್ಲಿ ಒಂದೊಂದು ವಿಷಯಕ್ಕೆ ಒಬ್ಬರೇ ಉಪಾಧ್ಯಾಯರಿರುವುದರಿಂದ, ಜೊತೆಗಾರರು ಬೇರೆ ಊರಿನಲ್ಲಿರುತ್ತಾರೆ. ವೇಳಾಪಟ್ಟಿಯಲ್ಲಿ ಸಹಚಿಂತನೆಗೆ ಅವಧಿ ಇರುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಒಬ್ಬರು ಕಳುಹಿಸಿದುದನ್ನು ನೋಡದೆಯೇ ಮತ್ತೊಬ್ಬರಿಗೆ ಕಳುಹಿಸುವುದನ್ನು ಸಹಕಾರವೆಂದು ಭಾವಿಸುವ ರೂಢಿ. ನಿಜವಾದ ಸಹಕಾರಕ್ಕೆ ಒಂದು ಶಿಸ್ತು ಬೇಕು. ಜಪಾನಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ‘ಜುಗ್ಯೋ ಕೆನ್‌ಕ್ಯೂ’, ಅಂದರೆ ಪಾಠಾಧ್ಯಯನ, ಇದಕ್ಕೆ ಮಾದರಿಯಾಗಬಲ್ಲುದು. ಅಲ್ಲಿ ಕೆಲವರು ಕೂಡಿ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ತರಗತಿಯಲ್ಲಿ ಕುಳಿತು ವಿದ್ಯಾರ್ಥಿಗಳನ್ನು ಗಮನಿಸುತ್ತಾರೆ. ಬಳಿಕ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಚರ್ಚೆ ನಡೆಯುವುದು ಪಾಠವನ್ನು ಕುರಿತು; ಆದಕಾರಣ ಬೋಧಿಸಿದವರಿಗೆ ಅವಮಾನದ ಭಯವಿಲ್ಲ.

ಕಾಲೇಜುಗಳ ನಾವು ಇದನ್ನು ಶಾಲೆಗಳ ವಿಚಾರವೆಂದು ಬದಿಗಿಡುವಂತಿಲ್ಲ. ೨೦೨೦ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣ ವಿದ್ಯಾಸಂಸ್ಥೆಗಳು ಮುಚ್ಚಿದಾಗ, ಒಂದೇ ಪಠ್ಯಕ್ರಮದ ಒಂದೇ ಪಾಠವನ್ನು ಅನೇಕ ಅಧ್ಯಾಪಕರು ತಮ್ಮ ತಮ್ಮ ಮನೆಗಳಲ್ಲಿ ಪ್ರತ್ಯೇಕವಾಗಿ ಮುದ್ರಿಸಿಕೊಂಡರು. ಶ್ರಮ ಬಹಳ ವ್ಯಯವಾಯಿತು. ಪರಸ್ಪರ ತಿದ್ದಿಕೊಂಡು ಕಾಪಿಟ್ಟ ಪಾಠಗಳು ಉಳಿದುದು ಕಡಮೆ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಮಾತ್ರದಲ್ಲಿ ಟಿಪ್ಪಣಿಗಳನ್ನು ಬರೆದುಕೊಡುತ್ತಿವೆ. ಅಧ್ಯಾಪಕವರ್ಗವು ಪಾಠವನ್ನು ತಾನೇ ಕೂಡಿ ರಚಿಸದಿದ್ದಲ್ಲಿ, ಏನನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬ ನಿರ್ಣಯವು ಮತ್ತೆ ದೂರದಲ್ಲಿರುವವರ ಕೈಸೇರುತ್ತದೆ. ಕನ್ನಡದಲ್ಲಿ ಓದುವ ವಿದ್ಯಾರ್ಥಿಗೆ ಅವರು ಉಳಿಸುವ ಪಾಲು ಅಲ್ಪವೇ ಆಗಬಹುದು.

ಆದುದರಿಂದ ಒಂದು ಸಣ್ಣ ಸೂಚನೆಯನ್ನು ಇಲ್ಲಿ ಮಂಡಿಸಬಹುದು. ಸಮೀಪದ ಮೂರು ನಾಲ್ಕು ಕಾಲೇಜುಗಳ ಒಂದೇ ವಿಷಯದ ಅಧ್ಯಾಪಕರು ಸೆಮಿಸ್ಟರಿಗೆ ಒಂದು ಪಾಠವನ್ನು ಮಾತ್ರ ಆರಿಸಿಕೊಂಡು, ಕೂಡಿ ಸಿದ್ಧಪಡಿಸಿ, ಒಬ್ಬರ ತರಗತಿಯಲ್ಲಿ ಇತರರು ಕುಳಿತು ನೋಡಿ, ತಿದ್ದಿದ ಪಾಠವನ್ನು ರಚಿಸಿದವರ ಹೆಸರುಗಳೊಡನೆ ಎಲ್ಲರಿಗೂ ದೊರೆಯುವಂತೆ ಇಡಲಿ. ಐದು ವರ್ಷಗಳಲ್ಲಿ ಹತ್ತು ಪಾಠಗಳಾಗುತ್ತವೆ. ಇದಕ್ಕೆ ಹೊಸ ಯಂತ್ರಗಳಾಗಲಿ ಹೆಚ್ಚಿನ ಅನುದಾನವಾಗಲಿ ಬೇಕಾಗಿಲ್ಲ. ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಗಂಟೆಯನ್ನು ಪ್ರಾಂಶುಪಾಲರು ಬಿಟ್ಟುಕೊಟ್ಟರೆ ಸಾಕು.