ಹತ್ತನೇ ತರಗತಿಯ ನಂತರ ನಮ್ಮ ಹೆಣ್ಣುಮಕ್ಕಳು ಎಲ್ಲಿಗೆ?



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ, ನಮ್ಮ ಮೊಂತಿ ಫೆಸ್ತ್. ಅದಕ್ಕೂ ಮೊದಲಿನ ಒಂಬತ್ತು ದಿನ ನಮ್ಮ ಮಕ್ಕಳು ಹೂವು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಭಾರತದ ಧರ್ಮಸಭೆಯು ಇದೇ ದಿನವನ್ನು ಹೆಣ್ಣುಮಗುವಿನ ದಿನವಾಗಿಯೂ ಆಚರಿಸುತ್ತದೆ. ಹೂವು ಹಿಡಿದು ಸಾಲಿನಲ್ಲಿ ನಿಂತ ಆ ಬಾಲಕಿಯರಲ್ಲಿ ಎಷ್ಟು ಮಂದಿ ಹತ್ತನೇ ತರಗತಿಯ ನಂತರವೂ ಕಲಿಯುತ್ತಾರೆ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಬಂಟ್ವಾಳ ತಾಲೂಕಿನ ಕನ್ಯಾನದಂತಹ, ಕೇರಳ ಗಡಿಯ ಸಮೀಪದ ಗ್ರಾಮಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಮಹತ್ವವಿದೆ. ಗುಡ್ಡ, ತೋಟಗಳ ನಡುವೆ ಮನೆಗಳು ದೂರ ದೂರ. ವಿಟ್ಲಕ್ಕೋ ಪುತ್ತೂರಿಗೋ ಕಾಲೇಜಿಗೆ ಹೋಗಬೇಕಾದರೆ ಬಸ್ಸಿನ ದಾರಿಯ ತನಕ ನಡೆಯಬೇಕು. ಮನೆಯಲ್ಲಿ ತಾಯಿ ಬೀಡಿ ಕಟ್ಟುವವರಾದರೆ ಮಗಳೂ ಕೈಜೋಡಿಸಿದರೆ ನಾಲ್ಕು ಕಾಸು ಹೆಚ್ಚು ಬರುತ್ತದೆ. "ಇನ್ನೆಷ್ಟು ಕಲಿಸುವುದು?" ಎಂಬ ಮಾತು ಹುಟ್ಟುವುದು ಇಂತಹ ಲೆಕ್ಕಾಚಾರದಿಂದಲೇ.

2011ರ ಜನಗಣತಿಯಂತೆ ದಕ್ಷಿಣ ಕನ್ನಡದಲ್ಲಿ ಪುರುಷರ ಸಾಕ್ಷರತೆ ಶೇ. 93.13, ಮಹಿಳೆಯರದ್ದು ಶೇ. 84.13. ಇದು ಓದಲು, ಬರೆಯಲು ಬಲ್ಲವರ ಲೆಕ್ಕ ಮಾತ್ರ. ಹತ್ತರಲ್ಲಿ ಶಾಲೆ ಬಿಟ್ಟವಳೂ ಇದರಲ್ಲಿ ಸಾಕ್ಷರಳೇ.

ಮುಂದೆ ಬಂದವರು ಯುವತಿಯರು

1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾದಾಗ ಅಲ್ಲಿ ಕಲಿಸಲು ನಿಂತ ಸಾವಿತ್ರಿಬಾಯಿ ಫುಲೆಯವರಿಗೆ ಕೇವಲ 17 ವರ್ಷ. ನಮ್ಮ ಕರಾವಳಿಗೆ 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರು ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದರು. 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ಸ್ಥಾಪಿಸಿದರು.

ಅದೇ 1921ರ ಜುಲೈ 16ರಂದು ಬೆಂದೂರಿನ ಧರ್ಮಗುರು ವಂದನೀಯ ರೇಮಂಡ್ ಮಸ್ಕರೇನ್ಹಸ್ ಅವರು ನಾಲ್ವರು ಯುವತಿ ಶಿಕ್ಷಕಿಯರೊಂದಿಗೆ ಬೆಥನಿ ಸಂಸ್ಥೆಯನ್ನು ಆರಂಭಿಸಿದರು. ಗ್ರಾಮಗಳ ಬಡ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ವಿದ್ಯೆ ತಲುಪಬೇಕೆಂಬುದು ಅವರ ಹಂಬಲವಾಗಿತ್ತು. ನಮ್ಮ ಕಾಲದಲ್ಲಿ ಪಾಕಿಸ್ತಾನದ ಮಲಾಲಾ ಯೂಸುಫ್‌ಝಾಯಿ ಬಾಲಕಿಯರ ಶಿಕ್ಷಣದ ಪರವಾಗಿ ಮಾತನಾಡಿದ್ದಕ್ಕೆ 2012ರಲ್ಲಿ ಗುಂಡೇಟು ತಿಂದರು. 2014ರಲ್ಲಿ, 17ನೇ ವಯಸ್ಸಿನಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು.

ಇವರೆಲ್ಲರಿಂದ ನಾವು ಕಲಿಯಬೇಕಾದ್ದು ಒಂದಿದೆ. ಧರ್ಮಗುರುಗಳ ಪ್ರಬೋಧನೆಗಿಂತ, ಕಲಿತ ಹುಡುಗಿಯೊಬ್ಬಳು ಜಗಲಿಯಲ್ಲಿ ಕುಳಿತು "ನಾನೂ ಇದೇ ದಾರಿಯಲ್ಲಿ ನಡೆದು ಹೋದವಳು, ಬಾಯಿ" ಎಂದು ಹೇಳುವ ಮಾತು ತಾಯಿಯ ಮನಸ್ಸನ್ನು ಬೇಗ ಮುಟ್ಟುತ್ತದೆ.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಭರವಸೆ ನೀಡುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು 18 ತುಂಬದ ಹುಡುಗಿಯ ಮದುವೆಯನ್ನು ತಡೆಯುತ್ತದೆ. ಆದರೆ 14 ದಾಟಿದವಳನ್ನು ತರಗತಿಯಲ್ಲಿ ಉಳಿಸುವ ಹೊಣೆ ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚು ಉಳಿಯುತ್ತದೆ ನಿಜ, ಆದರೆ ನಮ್ಮ ಜಿಲ್ಲೆಯ ಅನೇಕ ದಾರಿಗಳಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಕಾನೂನು ನಿಲ್ಲುವಲ್ಲಿಂದ ಸಮುದಾಯದ ಕೆಲಸ ಆರಂಭವಾಗಬೇಕು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿಯೇ ಪ್ರತಿ ವಾರ್ಡಿನಿಂದ ಕಲಿತ ಇಬ್ಬರು ಯುವತಿಯರು ಮನೆಮನೆಗೆ ಹೋಗಲಿ. ಐಸಿವೈಎಂ ಸದಸ್ಯೆಯರಿಗೆ ಇದು ಒಪ್ಪುವ ಸೇವೆ. ಗುರಿಕಾರರು ಜೊತೆಗಿರಲಿ. ಅನುತ್ತೀರ್ಣಳಾದವಳ ಮನೆಗೆ ಮೊದಲು ಹೋಗಬೇಕು, ಏಕೆಂದರೆ ಮತ್ತೆ ಪರೀಕ್ಷೆ ಬರೆಯುವ ಅವಕಾಶ ತಪ್ಪಿದರೆ ಅವಳು ಮನೆಯಲ್ಲೇ ಉಳಿದುಬಿಡುತ್ತಾಳೆ.

ಎರಡನೆಯದಾಗಿ, ಆದಾಯ ಪ್ರಮಾಣಪತ್ರ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳಿಗೆ ಚರ್ಚ್ ಕಚೇರಿಯಲ್ಲಿ ನೆರವು ದೊರೆಯಲಿ. ಮೂರನೆಯದಾಗಿ, ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ನಮ್ಮ ತಾಯಂದಿರು ಸ್ಥಾನ ಪಡೆದು ಮಾತನಾಡಲಿ. ಶಾಲಾ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಬಾಲ್ಯವಿವಾಹ ಅಥವಾ ಬಲವಂತದ ದುಡಿಮೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಹುಡುಗಿ ಯಾವ ಧರ್ಮದವಳೆಂದು ಇಲ್ಲಿ ನೋಡತಕ್ಕದ್ದಲ್ಲ.

ಸ್ತ್ರೀಗೆ ಪುರುಷನಿಗೆ ಸಮನಾದ ಶಿಕ್ಷಣವನ್ನು ನಿರಾಕರಿಸುವುದು ದೇವರ ಉದ್ದೇಶಕ್ಕೆ ವಿರುದ್ಧವಾದುದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಬೋಧಿಸಿದೆ. ಮುಂದಿನ ಮೊಂತಿ ಫೆಸ್ತ್‌ಗೆ ಹೂವಿನ ಬುಟ್ಟಿ ಹಿಡಿದು ಬರುವ ಪ್ರತಿ ಬಾಲಕಿಯ ಕೈಯಲ್ಲಿ ಪುಸ್ತಕವೂ ಉಳಿಯುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ. ಬಾಲೆ ಮರಿಯಮ್ಮ ನಮ್ಮ ಪ್ರಯತ್ನವನ್ನು ಹರಸಲಿ.