ಒಗರಿನೊಳಗೆ ಕಪ್ಪಿತ್ತು!

ಬರೆದಾಗ ಬೂದು. ಮೋಡ ಮುಚ್ಚಿದ ಬೆಳಗಿನಂಥ ಸಪ್ಪೆ ಬೂದು. ಉಸಿರು ಬಿಗಿಹಿಡಿದು ನೋಡುತ್ತಾ ಕೂತೆ. ಒಂದು ನಿಮಿಷ, ಎರಡು ನಿಮಿಷ… ಮಸಿ ದಪ್ಪಗೆ ನಿಂತಿದ್ದ ಒತ್ತಕ್ಷರ ಮೊದಲು ಕಪ್ಪಾಯಿತು, ಆಮೇಲೆ ಕೊಂಬು, ಆಮೇಲೆ ಇಡೀ ಸಾಲು!

ಈ ಮಸಿ ಸಿಕ್ಕಿದ್ದು ಚಂದ್ರಾ ಲೇಔಟಿನ ಫುಟ್‌ಪಾತ್ ಮೇಲೆ. ನಮ್ಮ ಅಡ್ಡರಸ್ತೆಯ ಕಾಡುಬಾದಾಮಿ ಮರ ಎಲೆ ಉದುರಿಸುವ ಮುಂಚೆ ಕೆಂಪೇರುತ್ತದಲ್ಲ, ದಿನಾ ಗುಡಿಸಿ ರಾಶಿ ಹಾಕುವ ಆ ಅಂಗೈಗಿಂತ ದೊಡ್ಡ ಎಲೆಗಳು, ಅವೇ! ಒಂದು ಗಂಟೆ ಕುದಿಸಿದೆ. ನೀರು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. ತುಕ್ಕು ಮೊಳೆಗಳನ್ನು ವಾರದ ಹಿಂದೆಯೇ ವಿನೆಗರಿನಲ್ಲಿ ನೆನೆಹಾಕಿದ್ದೆ. ಆ ನೀರಿನ ಏಳೆಂಟು ಹನಿ ಬಿದ್ದದ್ದೇ ತಡ, ಪಾತ್ರೆಯೊಳಗೆ ಅಮಾವಾಸ್ಯೆ!

ಎಲೆಯಲ್ಲಿದ್ದದ್ದು ಒಗರು, ಅಂದರೆ ಟ್ಯಾನಿನ್. ಅದು ಕಬ್ಬಿಣವನ್ನು ಕಂಡರೆ ಬಿಡುವುದಿಲ್ಲ, ಕೂಡಿಕೊಳ್ಳುತ್ತದೆ. ಮೇಲೆ ಗಾಳಿಯ ಆಮ್ಲಜನಕ ಸೋಕಿದಂತೆ ಬಣ್ಣ ಗಾಢವಾಗುತ್ತದೆ. ಕಾಗದದ ಮೇಲೆ ನನ್ನ ಕಣ್ಣೆದುರು ನಡೆದದ್ದು ಅದೇ. ಅಜ್ಜಿ ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಅಲಗೂ ಬೆರಳೂ ಕಪ್ಪಾಗುತ್ತಿದ್ದವು, ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಕರ್ರಗಾಗುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಅಷ್ಟು ವರ್ಷ ಮಸಿ ತಯಾರಾಗುತ್ತಿತ್ತು, ನಾವು ಅದನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದೆವು! ಗ್ರಂಧಿಗೆ ಅಂಗಡಿಯ ಅಳಲೆಕಾಯಿ ಈ ಕಾಡುಬಾದಾಮಿಯ ಹತ್ತಿರದ ನೆಂಟ, ಇಬ್ಬರದೂ ಟರ್ಮಿನೇಲಿಯ ಕುಲ. ಅಳಲೆಯ ಒಗರಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿದರೂ ಇದೇ ಕಪ್ಪು. ಮಸಿ ಹರಿದಾಡದಂತೆ ಚೂರು ಜಾಲಿ ಗೋಂದು, ಬೂಷ್ಟು ಹಿಡಿಯದಂತೆ ಎರಡು ಲವಂಗ, ಮುಗಿಯಿತು.

ಆಮೇಲೆ ನನಗೆ ನಿದ್ದೆಯೇ ಇಲ್ಲ. ಪಕ್ಕದ ಮನೆಯ ಬಸಳೆ ಬಳ್ಳಿಯ ಹಣ್ಣು ಹಿಸುಕಿದರೆ ಕಣ್ಣು ಕೋರೈಸುವ ಗುಲಾಬಿ ಕೆನ್ನೇರಳೆ (ಬಿಸಿಲಿಗೆ ಬೇಗ ಮಾಸುತ್ತದೆ, ಹೊಟ್ಟೆ ಉರಿಯುತ್ತದೆ). ಕಾಂಪೌಂಡಿನ ಶಂಖಪುಷ್ಪದ ನೀಲಿಗೆ ನಿಂಬೆರಸ ಹಿಂಡಿದರೆ ನೇರಳೆ, ಅಡುಗೆ ಸೋಡಾ ಹಾಕಿದರೆ ಹಸಿರು! ಸಾಗರ ಸೀಮೆಯ ದೀವರ ಹೆಂಗಸರಿಗೆ ಈ ವಿದ್ಯೆ ಎಂದೋ ಗೊತ್ತು: ಚಿತ್ತಾರಕ್ಕೆ ಕಾಡಿನ ಗುರಿಗೆ ಕಾಯಿಯಿಂದ ಹಳದಿ, ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಕುಂಚಕ್ಕೆ ಪುಂಡಿ ನಾರು. ನಮ್ಮ ಹಳೆಯ ಕಡತಗಳೋ, ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಪುಡಿ ಬಳಿದು ಒಣಗಿಸಿದವು; ಅದರ ಮೇಲೆ ಬಳಪದ ಬಿಳಿ ಬರಹ. ಆಫೀಸಿನಲ್ಲಿ ಇವತ್ತಿಗೂ 'ಕಡತ' ಅನ್ನುತ್ತೇವಲ್ಲ, ಆ ಪದದೊಳಗೆ ಒಂದು ಹುಣಸೆಮರ ನಿಂತಿದೆ!

ಈಗ ಬೆಳಗ್ಗೆ ಆರಕ್ಕೇ ಚೀಲ ಹಿಡಿದು ಇಳಿಯುತ್ತೇನೆ. ನಮ್ಮ ರಸ್ತೆ ಗುಡಿಸುವ ಅಕ್ಕ ನಿನ್ನೆ ಪೊರಕೆ ನಿಲ್ಲಿಸಿ ಕೇಳಿಯೇಬಿಟ್ಟರು: "ಈ ಕಸ ತಗೊಂಡು ಏನ್ಮಾಡ್ತೀರಾ ಮೇಡಂ?" ಓಡಿಹೋಗಿ ಬಾಟಲಿ, ಕಡ್ಡಿ, ಕಾಗದ ತಂದೆ. ಅವರ ಹೆಸರನ್ನೇ ಬರೆದೆ. "ಕಾಣಿಸ್ತಾನೇ ಇಲ್ವಲ್ಲ" ಅಂದರು. "ತಡೀರಿ ಅಕ್ಕ" ಅಂದೆ. ಕಾಡುಬಾದಾಮಿಯ ಕೆಳಗೆ ಇಬ್ಬರೂ ಬಗ್ಗಿ ನಿಂತೆವು. ಮೇಲಿಂದ ಇನ್ನೊಂದು ಕೆಂಪೆಲೆ ಬಿತ್ತು.

"ಅಯ್ಯೋ, ಬಂತು ಮೇಡಂ, ಬಂತು!"