ಕಾರಿಗೆ ದೊಡ್ಡ ಗಾಲಿ ಹಾಕಿಸುವ ಮುನ್ನ



ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರಾದಿಂದ ಶಿರಾ, ಪಾವಗಡಕ್ಕೆ ನಮ್ಮ ಓಡಾಟ ಇದ್ದೇ ಇರುತ್ತದೆ. ಟೈರು ಸವೆದಾಗ ಅಂಗಡಿಯವರು "ಸ್ವಲ್ಪ ದೊಡ್ಡದು ಹಾಕಿಸಿ, ಚೆನ್ನಾಗಿ ಕಾಣುತ್ತದೆ" ಎನ್ನುವುದುಂಟು. ಅಂಗಡಿಯ ಫಲಕ ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಟೈರಿನ ಮೇಲಿನ ಅಂಕಿ ಒಂದೇ. ಅದನ್ನು ಓದಲು ಕಲಿತರೆ ಮೋಸಹೋಗುವುದಿಲ್ಲ.

185/65 ಆರ್15 ಎಂದಿದ್ದರೆ, ಟೈರಿನ ಅಗಲ 185 ಮಿ.ಮೀ. ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ಅಂದರೆ ಸುಮಾರು 120 ಮಿ.ಮೀ. ರಿಮ್ಮಿನ ವ್ಯಾಸ 15 ಇಂಚು, ಅಂದರೆ 381 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ ಸೇರಿಸಿದರೆ ಗಾಲಿಯ ಒಟ್ಟು ಎತ್ತರ ಸುಮಾರು 621 ಮಿ.ಮೀ.

ಈ ಒಟ್ಟು ಎತ್ತರ ಬದಲಾಗಬಾರದು. ಸ್ವಿಫ್ಟ್ ಕಾರನ್ನೇ ನೋಡಿ: ಕಡಿಮೆ ಬೆಲೆಯ ಮಾದರಿಗೆ 165/80 ಆರ್14, ಮೇಲಿನ ಮಾದರಿಗೆ 185/65 ಆರ್15 ಬಂದಿವೆ. ರಿಮ್ ಒಂದು ಇಂಚು ದೊಡ್ಡದಾದರೂ ಒಟ್ಟು ಎತ್ತರದ ವ್ಯತ್ಯಾಸ ಸುಮಾರು 2 ಮಿ.ಮೀ. ಮಾತ್ರ. ಅದೇ 15 ಇಂಚಿನ ರಿಮ್ಮಿಗೆ 205/65 ಹಾಕಿಸಿದರೆ ಗಾಲಿ 26 ಮಿ.ಮೀ. ಎತ್ತರವಾಗುತ್ತದೆ. ಆಗ ಮೀಟರ್ 80 ತೋರಿಸುವಾಗ ಕಾರು 83ಕ್ಕೂ ಹೆಚ್ಚು ವೇಗದಲ್ಲಿರುತ್ತದೆ. ಪೂರ್ತಿ ತಿರುಗಿಸಿದಾಗ, ತುಂಬಿದ ಕಾರು ಗುಂಡಿಗೆ ಇಳಿದಾಗ ಟೈರು ಒಳಗೆ ಉಜ್ಜಲೂಬಹುದು.

ಅಳತೆಯ ಮುಂದೆ 88ಎಚ್ ಎಂಬಂಥ ಗುರುತಿರುತ್ತದೆ. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು. 82 ಎಂದರೆ 475 ಕಿಲೋ. ನಾಲ್ಕು ಟೈರಿಗೆ 340 ಕಿಲೋ ವ್ಯತ್ಯಾಸ! ಮದುವೆಗೆ ಐದು ಜನ, ಸಾಮಾನು ತುಂಬಿಕೊಂಡು ಬೇಸಿಗೆಯಲ್ಲಿ ಹೊರಡುವವರು ಇದನ್ನು ಮರೆಯಬಾರದು. ಕಂಪನಿ ಕೊಟ್ಟ ಅಂಕಿಗಿಂತ ಕಡಿಮೆಯದನ್ನು ಹಾಕಿಸಬೇಡಿ.

ಅಲಾಯ್ ರಿಮ್ ಕೊಳ್ಳುವಾಗ ನಟ್ಟುಗಳ ಸಂಖ್ಯೆ, ಅವು ಕೂರುವ ವೃತ್ತದ ಅಳತೆ, ನಡುವಿನ ರಂಧ್ರ, ಆಫ್‌ಸೆಟ್ ನಾಲ್ಕೂ ಹೊಂದಬೇಕು. ಗಾಲಿ ತೀರಾ ಹೊರಗೆ ಚಾಚಿದರೆ ಬೇರಿಂಗಿಗೆ ಭಾರ ಹೆಚ್ಚುತ್ತದೆ. ರಿಮ್ ದೊಡ್ಡದಾಗಿ ಟೈರಿನ ಗೋಡೆ ತೆಳುವಾದರೆ ನೋಟಕ್ಕೇನೋ ಚೆಂದ. ಆದರೆ ಗುಂಡಿಯ ಪೆಟ್ಟು ನೇರ ರಿಮ್ಮಿಗೇ ಬೀಳುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಇದು ಕೇಂದ್ರದ ಕಾಯ್ದೆ. ಗಡಿಯ ಆಚೆಗೂ ಈಚೆಗೂ ಒಂದೇ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಚಾಲಕನ ಬಾಗಿಲ ಬಳಿಯ ಚೀಟಿ ಅಥವಾ ಕಾರಿನ ಕೈಪಿಡಿ ನೋಡಿ. ಅದರಲ್ಲಿರುವ ಅಳತೆಗಳಲ್ಲೇ ಆರಿಸಿಕೊಳ್ಳಿ. ಸ್ಟೆಪ್ನಿಯನ್ನೂ ನೋಡಿಕೊಳ್ಳಿ, ರಾತ್ರಿ ದಾರಿಯಲ್ಲಿ ಟೈರು ಕೈಕೊಟ್ಟಾಗ ಅಳತೆ ಹೊಂದದ ಸ್ಟೆಪ್ನಿ ನೆರವಾಗದು.